ಹಾಡು ಆಮೇಲಿರಲಿ, ಮೊದಲು ಮಾತು ತುಂಬಿ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. ಅಪ್ಪನ ಷಷ್ಟಿಪೂರ್ತಿಗೆ, ಮೇಷ್ಟ್ರ ನಿವೃತ್ತಿ ಸಮಾರಂಭಕ್ಕೆ, ಅಕ್ಕ-ಭಾವನ ಮದುವೆಯ ಬೆಳ್ಳಿಹಬ್ಬಕ್ಕೆ, ಕುಮಾರಪರ್ವತ ಹತ್ತಿ ಬಂದ ಗೆಳೆಯರ ಕೂಟಕ್ಕೆ ಒಂದು ಸ್ಲೈಡ್ ಶೋ ಮಾಡಬೇಕು, ಯಾವ ಸಾಫ್ಟ್‌ವೇರ್ ಒಳ್ಳೆಯದು? ಕೇಳುವವರಲ್ಲಿ ಕಾಲೇಜು ಹುಡುಗರಿದ್ದಾರೆ, ನಿವೃತ್ತ ಬ್ಯಾಂಕ್ ನೌಕರರಿದ್ದಾರೆ, ಮೊಮ್ಮಕ್ಕಳ ಫೋಟೊ ಜೋಡಿಸುವ ಆಸೆಯಿಂದಲೇ ಕಂಪ್ಯೂಟರ್ ಕಲಿತ ಅಜ್ಜಿಯರೂ ಇದ್ದಾರೆ. ಸಾಫ್ಟ್‌ವೇರಿನ ಹೆಸರನ್ನೂ ಹೇಳುತ್ತೇನೆ. ಅದಕ್ಕೂ ಮೊದಲು ಹೇಳಬೇಕಾದ ಮಾತೊಂದಿದೆ. ಕಲ್ಯಾಣಮಂಟಪಗಳಲ್ಲಿ, ಸಭಾಂಗಣಗಳಲ್ಲಿ, ಪರಿಚಿತರ ಮನೆಯ ಟೀವಿಗಳಲ್ಲಿ ನಾನು ನೋಡುವ ಸ್ಲೈಡ್ ಶೋಗಳಲ್ಲಿ ಬಹುಪಾಲಿಗೆ ಒಂದೇ ಕೊರತೆ. ಅವುಗಳಲ್ಲಿ ಯಾರೂ ಮಾತಾಡುವುದಿಲ್ಲ. ಹಿನ್ನೆಲೆಯಲ್ಲಿ ಸಿನಿಮಾ ಹಾಡು, ಪರದೆಯ ಮೇಲೆ ಮೂರು ಸೆಕೆಂಡಿಗೊಂದು ಫೋಟೊ. ಅಪ್ಪನ ಹೆಗಲ ಮೇಲೆ ಕೈಹಾಕಿ ನಿಂತ ಗುಂಗುರುಕೂದಲಿನವರು ಯಾರು, ಆ ಹೆಂಚಿನ ಮನೆ ಯಾವ ಊರಿನದು, ಆವತ್ತು ಎಲ್ಲರೂ ಅಷ್ಟೊಂದು ನಗುತ್ತಿದ್ದುದು ಯಾಕೆ ಎಂಬುದು ಸಭೆಯಲ್ಲಿ ಕೂತವರಿಗೆ ತಿಳಿಯುವುದಿಲ್ಲ. ಇನ್ನೊಂದು ತಲೆಮಾರು ಕಳೆದರೆ ಮನೆಯವರಿಗೂ ತಿಳಿದಿರುವುದಿಲ್ಲ.

ಸ್ಲೈಡ್ ಪ್ರೊಜೆಕ್ಟರ್ ಕಾಲದಲ್ಲಿ ಹೀಗಿರಲಿಲ್ಲ. ಆಗ ಸ್ಲೈಡ್ ಎಂದರೆ ಕೈಯಲ್ಲಿ ಹಿಡಿಯುವ ವಸ್ತು. 24×36 ಮಿಲಿಮೀಟರಿನ ಬಣ್ಣದ ಪಾಸಿಟಿವ್ ಫಿಲ್ಮನ್ನು ಎರಡಿಂಚು ಚೌಕದ ರಟ್ಟಿನ ಅಥವಾ ಪ್ಲಾಸ್ಟಿಕ್ಕಿನ ಚೌಕಟ್ಟಿಗೆ ಕೂರಿಸಿ, ತಲೆಕೆಳಗಾಗಿ ಪ್ರೊಜೆಕ್ಟರಿಗೆ ಇಳಿಸಬೇಕಿತ್ತು. ಅರವತ್ತರ ದಶಕದ ಆರಂಭದಲ್ಲಿ ಬಂದ ಕೊಡಾಕ್ ಕ್ಯಾರೊಸೆಲ್ ಪ್ರೊಜೆಕ್ಟರಿನ ದುಂಡನೆಯ ತಟ್ಟೆಯಲ್ಲಿ ಸಾಮಾನ್ಯವಾಗಿ 80 ಸ್ಲೈಡುಗಳಿಗೆ ಜಾಗ. ಪಕ್ಕದಲ್ಲಿ ನಿಂತವರು ಗುಂಡಿ ಒತ್ತುತ್ತ, ಒಂದೊಂದು ಚಿತ್ರದ ಬಗ್ಗೆ ಹೇಳುತ್ತ ಹೋಗುತ್ತಿದ್ದರು. ಸಂಡೂರಿನ ಎಂ.ವೈ. ಘೋರ್ಪಡೆ, ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರಂಥವರಿಂದ ವನ್ಯಜೀವಿ ಛಾಯಾಗ್ರಹಣಕ್ಕೆ ಹೆಸರಾದ ನಾಡು ನಮ್ಮದು. 1971ರಲ್ಲಿ ಬೆಂಗಳೂರಿನಲ್ಲಿ ಯೂತ್ ಫೋಟೊಗ್ರಫಿಕ್ ಸೊಸೈಟಿ ಹುಟ್ಟಿತು. ಹವ್ಯಾಸಿಗಳು ಒಟ್ಟಿಗೆ ಕೂತು ಒಬ್ಬರ ಚಿತ್ರವನ್ನು ಇನ್ನೊಬ್ಬರು ನೋಡುವ, ತಿದ್ದುವ ರೂಢಿ ಇಂಥ ಕೂಟಗಳಲ್ಲಿ ಬೆಳೆಯಿತು. ಹಕ್ಕಿಯ ಚಿತ್ರ ಪರದೆಗೆ ಬಂದರೆ ಅದರ ಗೂಡು ಎಲ್ಲಿತ್ತು, ಎಷ್ಟು ಹೊತ್ತು ಕಾದದ್ದು, ಬೆಳಕು ಯಾವ ದಿಕ್ಕಿನದು ಎಂಬ ಮಾತು ಜೊತೆಗೇ ಬರಬೇಕು. ಮಾತು ಬಾರದಿದ್ದರೆ ಕತ್ತಲೆಯಿಂದ ಯಾರಾದರೂ ಕೇಳಿಯೇ ಕೇಳುತ್ತಾರೆ.

ಸ್ಲೈಡಿಗೆ ನೆಗೆಟಿವ್ ಇಲ್ಲ. ಕ್ಯಾಮೆರಾದೊಳಗೆ ಹೋದ ಫಿಲ್ಮೇ ಪ್ರೊಜೆಕ್ಟರಿಗೂ ಹೋಗಬೇಕು. ಕೊಡಾಕ್ರೋಮ್ ಫಿಲ್ಮು ಕತ್ತಲ ಪೆಟ್ಟಿಗೆಯಲ್ಲಿ ಹತ್ತಾರು ವರ್ಷ ಬಣ್ಣ ಕೆಡದೆ ಉಳಿಯುತ್ತಿತ್ತು, ಪ್ರೊಜೆಕ್ಟರಿನ ಪ್ರಖರ ದೀಪಕ್ಕೆ ಒಡ್ಡಿದಷ್ಟೂ ಬೇಗ ಮಾಸುತ್ತಿತ್ತು. ಹಾಗಾಗಿ ತೋರಿಸುವವರು ಆರಿಸಿಯೇ ತೋರಿಸುತ್ತಿದ್ದರು. ತಟ್ಟೆಯ ಜಾಗಕ್ಕೆ ಮಿತಿಯಿತ್ತು, ಚಿತ್ರದ ಆಯುಸ್ಸಿಗೆ ಮಿತಿಯಿತ್ತು, ಕೂತು ನೋಡುವವರ ತಾಳ್ಮೆಗೂ ಮಿತಿಯಿತ್ತು. ಕೊಡಾಕ್ ಕಂಪನಿ 2004ರಲ್ಲಿ ಸ್ಲೈಡ್ ಪ್ರೊಜೆಕ್ಟರುಗಳ ತಯಾರಿಕೆಯನ್ನೂ 2009ರಲ್ಲಿ ಕೊಡಾಕ್ರೋಮನ್ನೂ ನಿಲ್ಲಿಸಿತು.

ಅಷ್ಟರಲ್ಲಿ ಸಾಫ್ಟ್‌ವೇರುಗಳು ಬಂದಾಗಿತ್ತು. 2000ದಲ್ಲಿ ವಿಂಡೋಸ್ ಜೊತೆಗೆ ಮೂವಿ ಮೇಕರ್ ಬಂತು, 2004ರಲ್ಲಿ ಫೋಟೊ ಸ್ಟೋರಿ 3 ಉಚಿತವಾಗಿ ಸಿಕ್ಕಿತು, ಗೂಗಲ್ ಕೈಗೆ ಹೋದ ಪಿಕಾಸ ಮನೆಮನೆಯ ಕಂಪ್ಯೂಟರಿನಲ್ಲಿ ನೆಲೆಸಿತು. ಮದುವೆ ಸ್ಟುಡಿಯೊಗಳಲ್ಲಿ ಪ್ರೊಶೋ ಆಳಿತು. ಹೃದಯದಾಕಾರದಲ್ಲಿ ತೆರೆಯುವ, ಪುಟ ಮಗುಚುವ, ಗುಲಾಬಿ ಎಸಳು ಉದುರುವ ಟ್ರಾನ್ಸಿಷನ್‌ಗಳೆಲ್ಲ ನಮಗೆ ಪರಿಚಯವಾದದ್ದು ಈ ಕಾಲದಲ್ಲಿ. ಫೋಟೊ ಸೇರಿಸಿ, ಹಾಡು ಸೇರಿಸಿ, ಗುಂಡಿ ಒತ್ತಿದರೆ ಸಿದ್ಧ. ಇದರಿಂದ ಸ್ಲೈಡ್ ಶೋ ಎಲ್ಲರ ಕೈಗೂ ಎಟುಕಿತು, ಅದು ದೊಡ್ಡ ಲಾಭ. ಆದರೆ ಪ್ರೊಜೆಕ್ಟರಿನ ಪಕ್ಕ ನಿಂತು ಮಾತಾಡುತ್ತಿದ್ದ ಮನುಷ್ಯ ಈ ಅನುಕೂಲದ ನಡುವೆ ಸದ್ದಿಲ್ಲದೆ ಹೊರಟುಹೋದ. ಅವನ ಜಾಗಕ್ಕೆ ಹಾಡು ಬಂದು ಕೂತಿತು.

ಸ್ಥಿರಚಿತ್ರದ ಮೇಲೆ ನಿಧಾನವಾಗಿ ಸರಿಯುವ, ಹತ್ತಿರ ಹೋಗುವ ಚಲನೆಯನ್ನು ಎಲ್ಲ ಸಾಫ್ಟ್‌ವೇರುಗಳಲ್ಲೂ ನೋಡಿರುತ್ತೀರಿ. ಅದಕ್ಕೆ ‘ಕೆನ್ ಬರ್ನ್ಸ್ ಎಫೆಕ್ಟ್’ ಎನ್ನುತ್ತಾರೆ. ಕೆನ್ ಬರ್ನ್ಸ್ ಅಮೆರಿಕದ ಸಾಕ್ಷ್ಯಚಿತ್ರ ನಿರ್ದೇಶಕ. ಅಲ್ಲಿನ ಅಂತರ್ಯುದ್ಧದ ಬಗ್ಗೆ ಅವರು ಮಾಡಿದ ‘ದಿ ಸಿವಿಲ್ ವಾರ್’ ಸರಣಿ 1990ರಲ್ಲಿ ಅಮೆರಿಕದ ಸಾರ್ವಜನಿಕ ಟೀವಿಯಲ್ಲಿ ಪ್ರಸಾರವಾಯಿತು. 1860ರ ದಶಕದ ಆ ಯುದ್ಧಕ್ಕೆ ಚಲನಚಿತ್ರದ ತುಣುಕುಗಳಿಲ್ಲ, ಇದ್ದದ್ದು ಫೋಟೊಗಳು ಮಾತ್ರ. ಬರ್ನ್ಸ್ ಅವುಗಳ ಮೇಲೆ ಕ್ಯಾಮೆರಾ ಸರಿಸುತ್ತ ಹೋದರು. ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ಆ ಹೆಸರನ್ನು ಬಳಸಲು ಅವರ ಒಪ್ಪಿಗೆ ಪಡೆದರು. 2003ರ ಐಮೂವಿ 3ರಲ್ಲಿ ಅದೊಂದು ಗುಂಡಿಯಾಗಿ ಬಂತು, ಆಮೇಲೆ ಉಳಿದ ಸಾಫ್ಟ್‌ವೇರುಗಳಿಗೂ ಹರಡಿತು. ಆದರೆ ಆ ಸರಣಿ ನೋಡುವವರನ್ನು ಹಿಡಿದು ಕೂರಿಸಿದ್ದು ಚಲನೆಯೊಂದೇ ಆಗಿರಲಿಲ್ಲ. ಇತಿಹಾಸಕಾರ ಡೇವಿಡ್ ಮೆಕಲಾ ಅವರ ನಿರೂಪಣೆ ಅದರ ಬೆನ್ನೆಲುಬು. ಜೊತೆಗೆ ಸೈನಿಕರು ಮನೆಗೆ ಬರೆದ ಪತ್ರಗಳನ್ನು ನಟರು ಓದುತ್ತಾರೆ. ಸಲಿವನ್ ಬಲೂ ಎಂಬ ಅಧಿಕಾರಿ ಯುದ್ಧಕ್ಕೆ ಮುನ್ನ ಹೆಂಡತಿಗೆ ಬರೆದ ಕಾಗದ ಓದುವ ಭಾಗವನ್ನು ನೋಡಿದವರು ಮರೆಯುವುದಿಲ್ಲ. ನಾವು ಬರ್ನ್ಸ್ ಅವರಿಂದ ಜೂಮನ್ನು ತೆಗೆದುಕೊಂಡೆವು, ಧ್ವನಿಯನ್ನು ಅಲ್ಲೇ ಬಿಟ್ಟುಬಂದೆವು.

ಬರ್ನ್ಸ್‌ಗೆ ಈ ದಾರಿ ತೋರಿಸಿದ ಚಿತ್ರಗಳಲ್ಲಿ ಒಂದು ಕೆನಡಾದ್ದು. ಅಲ್ಲಿನ ರಾಷ್ಟ್ರೀಯ ಚಲನಚಿತ್ರ ಮಂಡಳಿ 1957ರಲ್ಲಿ ಹೊರತಂದ ‘ಸಿಟಿ ಆಫ್ ಗೋಲ್ಡ್’, ಚಿನ್ನದ ಬೇಟೆಗೆ ಜನ ಮುಗಿಬಿದ್ದ ಕಾಲದ ಡಾಸನ್ ಪಟ್ಟಣವನ್ನು ಹಳೆಯ ಗಾಜಿನ ನೆಗೆಟಿವ್‌ಗಳಿಂದ ಮತ್ತೆ ಕಟ್ಟುತ್ತದೆ. ಕಥೆ ಹೇಳುವ ಪಿಯರ್ ಬರ್ಟನ್ ಬಾಲ್ಯ ಕಳೆದದ್ದು ಅದೇ ಪಟ್ಟಣದಲ್ಲಿ. ತನ್ನೂರಿನ ಚಿತ್ರಕ್ಕೆ ಅದೇ ಊರಿನವನ ದನಿ. ಫ್ರಾನ್ಸಿನ ಕ್ರಿಸ್ ಮಾರ್ಕರ್ 1962ರಲ್ಲಿ ಮಾಡಿದ ‘ಲಾ ಜೆಟೆ’ 28 ನಿಮಿಷದ ಕಥಾಚಿತ್ರ. ಒಂದೇ ಒಂದು ಕ್ಷಣ ಬಿಟ್ಟರೆ ಇಡೀ ಚಿತ್ರದಲ್ಲಿರುವುದು ಸ್ಥಿರಚಿತ್ರಗಳು, ಅವುಗಳ ಮೇಲೊಬ್ಬ ನಿರೂಪಕನ ಮಾತು. ಒಂದು ಚಿತ್ರವನ್ನು ಎಷ್ಟು ಹೊತ್ತು ಪರದೆಯ ಮೇಲೆ ಬಿಡಬೇಕೆಂದು ಕಲಿಯಬೇಕಾದ ಹವ್ಯಾಸಿಗಳು ಇವೆರಡನ್ನೂ ಒಮ್ಮೆ ನೋಡಲೇಬೇಕು.

ಇದೆಲ್ಲ ದೊಡ್ಡವರ ಕೆಲಸ, ಮನೆಯ ಸ್ಲೈಡ್ ಶೋಗೆ ಯಾಕೆ ಎನ್ನಬೇಡಿ. ಮಲೆನಾಡಿನ ಒಂದು ಮನೆಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಅಜ್ಜಿಯ ಎಂಬತ್ತನೆಯ ವರ್ಷಕ್ಕೆ ಮೊಮ್ಮಗ ಸ್ಲೈಡ್ ಶೋ ಮಾಡುತ್ತಿದ್ದ. ಚಾವಡಿಯಲ್ಲಿ ತೆಗೆದ ದೊಡ್ಡ ಕುಟುಂಬದ ಒಂದು ಕಪ್ಪುಬಿಳುಪು ಫೋಟೊ ಇತ್ತು. ಹುಡುಗ ಅದನ್ನು ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿ ಅಜ್ಜಿಗೆ ತೋರಿಸಿ, ಫೋನಿನ ರೆಕಾರ್ಡರ್ ಒತ್ತಿ ಪಕ್ಕದಲ್ಲಿಟ್ಟ. “ಇದು ಯಾರು ಅಜ್ಜಿ?” ಎಂದು ಕೇಳಿದ್ದಷ್ಟೇ. ಕುರ್ಚಿಗಳು ನಮ್ಮವಲ್ಲ, ಶಾಲೆಯಿಂದ ತಂದದ್ದು ಎಂದು ಶುರುವಾಯಿತು. ಫೋಟೊದವರು ಶಿವಮೊಗ್ಗದಿಂದ ಬೆಳಗಿನ ಬಸ್ಸಿಗೆ ಬಂದದ್ದು, ಮಳೆ ಬಿಡಲೆಂದು ಎಲ್ಲರೂ ಹೊಸ ಸೀರೆ ಉಟ್ಟು ಮಧ್ಯಾಹ್ನದವರೆಗೆ ಕಾದದ್ದು, ಕೊನೆಯಲ್ಲಿ ಅರ್ಧ ಮುಖ ಮಾತ್ರ ಕಾಣುವ ಹುಡುಗಿ ತನ್ನ ತಂಗಿ ಎಂಬುದು, ಅವಳು ಮುಂದಿನ ವರ್ಷವೇ ವಿಷಮಶೀತ ಜ್ವರಕ್ಕೆ ತೀರಿಕೊಂಡದ್ದು, ಅವಳದು ಬೇರೆ ಫೋಟೊವೇ ಇಲ್ಲದ್ದು. ಆ ತಂಗಿಯ ಹೆಸರನ್ನು ಮನೆಯಲ್ಲಿ ಎಳೆಯರಾರೂ ಕೇಳಿರಲಿಲ್ಲ. ಹುಡುಗ ಮೊದಲು ಆ ಫೋಟೊಕ್ಕೆ ಕೊಟ್ಟಿದ್ದದ್ದು ನಾಲ್ಕು ಸೆಕೆಂಡು. ಕೊನೆಗೆ ಅದು ಎರಡು ನಿಮಿಷ ಪರದೆಯ ಮೇಲೆ ನಿಂತಿತು. ಮೊದಲು ಇಡೀ ಚಿತ್ರ, ಆಮೇಲೆ ಕುರ್ಚಿಗಳು, ಸೀರೆಯಂಚು, ಕೊನೆಯಲ್ಲಿ ಆ ಅರ್ಧ ಮುಖ. ಸಭೆಯಲ್ಲಿ ಯಾರೂ ಅಲುಗಾಡಲಿಲ್ಲ. ಜೂಮ್ ಮಾಡಲು ಒಂದು ಕಾರಣ ಇರಬೇಕೆಂದರೆ ಇಂಥದ್ದು ಇರಬೇಕು.

ಮಾತನ್ನು ಹಿಡಿದಿಡುವುದಕ್ಕೆ ದುಬಾರಿ ಮೈಕು ಬೇಕಿಲ್ಲ, ಫೋನೇ ಸಾಕು. ಫೋನಿನ ಅಡಿಭಾಗದಲ್ಲಿರುವ ಮೈಕು ಮಾತಾಡುವವರ ಬಾಯಿಂದ ಒಂದು ಗೇಣು ದೂರದಲ್ಲಿರಲಿ, ನೇರ ಎದುರಿಗಿಂತ ಸ್ವಲ್ಪ ಓರೆಯಾಗಿರಲಿ, ಇಲ್ಲವಾದರೆ ಪಕಾರ ಬಕಾರಗಳಿಗೆಲ್ಲ ಉಸಿರು ಬಡಿಯುತ್ತದೆ. ಫ್ಯಾನ್ ನಿಲ್ಲಿಸಬೇಕು, ಅದರ ಗುಂಯ್‌ಗುಡುವಿಕೆಯನ್ನು ಆಮೇಲೆ ತೆಗೆಯಹೊರಟರೆ ದನಿಯೂ ಕೆಡುತ್ತದೆ. ಬರಿಗೋಡೆಯ ಹಾಲಿಗಿಂತ ಹಾಸಿಗೆ, ಬಟ್ಟೆಬರೆ ತುಂಬಿದ ಮಲಗುವ ಕೋಣೆ ಒಳ್ಳೆಯದು, ಅಲ್ಲಿ ಪ್ರತಿಧ್ವನಿ ಕಡಿಮೆ. ಎಲ್ಲಕ್ಕಿಂತ ಮುಖ್ಯವಾಗಿ, ಬರೆದುಕೊಟ್ಟು ಓದಿಸಬೇಡಿ. ಕಾಗದ ಕೈಗೆ ಬಂದೊಡನೆ ನಮ್ಮ ಹಿರಿಯರು ಭಾಷಣದ ಭಾಷೆಗೆ ಇಳಿಯುತ್ತಾರೆ. ಫೋಟೊ ತೋರಿಸಿ ಸಣ್ಣ ಪ್ರಶ್ನೆ ಕೇಳಿ, ಸುಮ್ಮನೆ ಕಾಯಿರಿ. ಅವರು ಒಂದು ಕ್ಷಣ ತಡೆದು ನೆನಪು ಮಾಡಿಕೊಳ್ಳುವ ಮೌನವನ್ನು ಕತ್ತರಿಸಲೂಬೇಡಿ. ಊರಿನ ಮಾತಿನ ಧಾಟಿ ಹಾಗೇ ಉಳಿಯಲಿ. ಕುಂದಾಪುರದವರು ಕುಂದಾಪುರದ ಕನ್ನಡದಲ್ಲೇ, ಧಾರವಾಡದವರು ಧಾರವಾಡದ ಕನ್ನಡದಲ್ಲೇ ಹೇಳಲಿ. ಅಮೆರಿಕದಲ್ಲೋ ಲಂಡನ್ನಿನಲ್ಲೋ ಬೆಳೆಯುತ್ತಿರುವ ಮಕ್ಕಳಲ್ಲಿ ಅನೇಕರಿಗೆ ಮನೆಯಲ್ಲಾಡುವ ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಅವರಿಗೆ ಪರದೆಯ ಕೆಳಗಿನ ಬರಹಕ್ಕಿಂತ ಅಜ್ಜನ ದನಿಯೇ ತಲುಪುವುದು.

ದನಿ ಸಿಕ್ಕಮೇಲೆ ಚಿತ್ರಗಳನ್ನು ಆರಿಸುವುದು ತಾನಾಗಿ ಸುಲಭವಾಗುತ್ತದೆ. ಮಾತಿಗೆ ಬಂದ ಚಿತ್ರ ಉಳಿಯುತ್ತದೆ, ಬಾರದ್ದು ಆಲ್ಬಮಿಗೇ ಹಿಂದಿರುಗುತ್ತದೆ. ಐದು ನಿಮಿಷವೆಂದರೆ 300 ಸೆಕೆಂಡು. ಚಿತ್ರಕ್ಕೆ ಐದು ಸೆಕೆಂಡಿನಂತೆ ಲೆಕ್ಕ ಹಿಡಿದರೂ ಅರವತ್ತಕ್ಕಿಂತ ಹೆಚ್ಚು ಹಿಡಿಸುವುದಿಲ್ಲ. ಇನ್ನೂರು ಚಿತ್ರ ತುರುಕಿದ ಸ್ಲೈಡ್ ಶೋಗಳನ್ನು ನೋಡಿದಾಗ ನನಗೆ ಆ ಚಿತ್ರಗಳ ಬಗ್ಗೆಯೇ ಮರುಕವಾಗುತ್ತದೆ, ಒಂದಕ್ಕೂ ಉಸಿರಾಡಲು ಬಿಟ್ಟಿರುವುದಿಲ್ಲ. ಇಬ್ಬರು ಮೂವರು ತೆಗೆದ ಪ್ರವಾಸದ ಚಿತ್ರಗಳಾದರೆ ಕ್ಯಾಮೆರಾಗಳ ಗಡಿಯಾರ ಹೊಂದುತ್ತದೆಯೇ ನೋಡಿ. ತೆಗೆದ ಸಮಯ ಪ್ರತಿ ಫೋಟೊದ ಫೈಲಿನೊಳಗೇ ದಾಖಲಾಗಿರುತ್ತದೆ, ಒಂದು ಕ್ಯಾಮೆರಾ ಹಿಂದೆ ಬಿದ್ದಿದ್ದರೆ ಸೂರ್ಯೋದಯಕ್ಕೆ ಮೊದಲೇ ಮಧ್ಯಾಹ್ನದ ಊಟ ಬಂದುಬಿಡುತ್ತದೆ.

ಹಳೆಯ ಫೋಟೊಗಳನ್ನು ಸ್ಕ್ಯಾನ್ ಮಾಡಿಸುವಾಗ ಅಂಗಡಿಯವರಿಗೆ 600 ಡಿಪಿಐ ಎಂದು ಹೇಳಿ. ನಾಲ್ಕು-ಆರಿಂಚಿನ ಪ್ರಿಂಟನ್ನು 300ರಲ್ಲಿ ಸ್ಕ್ಯಾನ್ ಮಾಡಿದರೆ ಸಿಗುವುದು 1800×1200 ಪಿಕ್ಸೆಲ್. ಫುಲ್ ಎಚ್‌ಡಿ ಪರದೆಯ ಅಗಲವೇ 1920. ಆ ಅಗಲ ತುಂಬುವುದಕ್ಕೇ ಸಾಲದ್ದು, ಒಂದು ಮುಖದ ಹತ್ತಿರ ಹೋದರೆ ಮಸುಕಾಗದೆ ಇರುತ್ತದೆಯೇ? 600ರಲ್ಲಿ 3600×2400 ಸಿಗುತ್ತದೆ, ಜೂಮಿಗೆ ಬೇಕಾದಷ್ಟು. ಪರದೆಯ ಆಕಾರ 16:9, ಫೋನಿನ ಫೋಟೊ ಸಾಮಾನ್ಯವಾಗಿ 4:3, ಕ್ಯಾಮೆರಾದ್ದು 3:2. ಪರದೆ ತುಂಬಲಿ ಎಂದು ಸಾಫ್ಟ್‌ವೇರಿಗೆ ಬಿಟ್ಟರೆ ಅದು ತಲೆಯನ್ನೋ ಪಾದವನ್ನೋ ಕತ್ತರಿಸುತ್ತದೆ. ಎರಡೂ ಪಕ್ಕ ಕಪ್ಪಾಗಿಯೇ ಇರಲಿ. ಅದೇ ಚಿತ್ರವನ್ನು ಮಸುಕು ಮಾಡಿ ಹಿಂದೆ ಹರಡುವ ಈಗಿನ ರೂಢಿ ಕಣ್ಣನ್ನು ಬೇರೆಡೆ ಎಳೆಯುತ್ತದೆ. ಟ್ರಾನ್ಸಿಷನ್ ಒಂದೇ ಸಾಕು, ಡಿಸಾಲ್ವ್. ಎರಡು ಪ್ರೊಜೆಕ್ಟರ್ ಇಟ್ಟುಕೊಂಡು ಒಂದರ ದೀಪ ಇಳಿಯುತ್ತಿದ್ದಂತೆ ಇನ್ನೊಂದರದ್ದು ಏರಿಸುತ್ತಿದ್ದ ಹಳಬರ ತಂತ್ರವದು. ಒಂದೆರಡು ಸೆಕೆಂಡಿನಲ್ಲಿ ಒಂದು ಚಿತ್ರ ಇನ್ನೊಂದರೊಳಗೆ ಕರಗುತ್ತದೆ, ನಡುವೆ ಯಾರೂ ಅಡ್ಡ ಬರುವುದಿಲ್ಲ.

ಕನ್ನಡದಲ್ಲಿ ಹೆಸರು, ಶೀರ್ಷಿಕೆ ಬರೆಯುವವರಿಗೆ ಎದುರಾಗುವ ತೊಂದರೆಯೊಂದಿದೆ. ಎಷ್ಟೋ ವಿಡಿಯೊ ಸಾಫ್ಟ್‌ವೇರುಗಳಲ್ಲಿ ‘ಕೃಷ್ಣಮೂರ್ತಿ’ ಎಂದು ಬರೆದರೆ ಒತ್ತಕ್ಷರ ಕಳಚಿ, ಅರ್ಕಾವೊತ್ತು ಹಾರಿ, ಹೆಸರು ಚೂರುಚೂರಾಗುತ್ತದೆ. ಅಕ್ಷರಗಳನ್ನು ಜೋಡಿಸುವ ವ್ಯವಸ್ಥೆ ಅವುಗಳಲ್ಲಿ ಸರಿಯಿರುವುದಿಲ್ಲ. ಪವರ್‌ಪಾಯಿಂಟಿನಲ್ಲಿ ನೋಟೊ ಸಾನ್ಸ್ ಕನ್ನಡದಂಥ ಯೂನಿಕೋಡ್ ಫಾಂಟಿನಿಂದ ಶೀರ್ಷಿಕೆ ಬರೆದು, ಆ ಸ್ಲೈಡನ್ನು ಪಿಎನ್‌ಜಿ ಚಿತ್ರವಾಗಿ ಉಳಿಸಿ, ಫೋಟೊದಂತೆಯೇ ಸೇರಿಸಿಬಿಡಿ. ಹೆಸರು ತಪ್ಪಾಗಿ ಕಾಣುವ ಅಭಿನಂದನಾ ಸ್ಲೈಡ್ ಶೋ ಯಾರಿಗೂ ಬೇಡ.

ಈಗ ಸಾಫ್ಟ್‌ವೇರ್. ಹೊಸಬರಿಗೆ ನಾನು ಹೇಳುವುದು ಪವರ್‌ಪಾಯಿಂಟನ್ನೇ. ಅದರ ಫೋಟೊ ಆಲ್ಬಮ್ ಸೌಲಭ್ಯ ಒಂದೊಂದು ಫೋಟೊವನ್ನು ಒಂದೊಂದು ಸ್ಲೈಡಿಗೆ ತಾನೇ ಕೂರಿಸುತ್ತದೆ. ಮಾತನ್ನು ಸ್ಲೈಡಿಗೊಂದರಂತೆ ಬೇರೆ ಬೇರೆಯಾಗಿ ಹಿಡಿದಿಡುತ್ತದೆ, ಒಂದು ಕಡೆ ತಡವರಿಸಿದರೆ ಅದೊಂದನ್ನೇ ಮತ್ತೆ ಹೇಳಿಸಬಹುದು. ಮಾತು ಮುಗಿದಾಗ ಸ್ಲೈಡ್ ಬದಲಾಗುತ್ತದೆ. ಕೊನೆಗೆ ಎಂಪಿ4 ವಿಡಿಯೊ ಆಗಿ ಹೊರಬರುತ್ತದೆ. ಆಪಲ್ ಬಳಸುವವರಿಗೆ ಐಮೂವಿ ಇದೆ, ಫೋನಿನಲ್ಲೇ ಮುಗಿಸುವವರಿಗೆ ವಿಎನ್ ಅಥವಾ ಇನ್‌ಶಾಟ್ ಇದೆ, ಕಾಸು ಕೊಡದೆ ಕಂಪ್ಯೂಟರಿನಲ್ಲಿ ಮಾಡಬೇಕೆಂದರೆ ಶಾಟ್‌ಕಟ್, ಕೆಡೆನ್‌ಲೈವ್ ಇವೆ. ಚಿತ್ರ-ಧ್ವನಿಯ ಹೊಂದಾಣಿಕೆಯನ್ನೇ ಕಲೆಯಾಗಿ ಬೆಳೆಸುವ ಕ್ಯಾಮೆರಾ ಕ್ಲಬ್ಬುಗಳವರು ಪಿಟಿಇ ಎವಿ ಸ್ಟುಡಿಯೊವನ್ನು ಮೆಚ್ಚುತ್ತಾರೆ. ಗಂಭೀರ ಹವ್ಯಾಸಿಗಳು ಅದಕ್ಕೆ ಹಣ ಹಾಕಬಹುದು.

ಹಾಡು ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಮಾತಿನ ನಡುವೆ ಬಿಡುವು ಬಂದಾಗ ಅದು ಕೇಳಲಿ, ಮಾತು ಶುರುವಾದೊಡನೆ 15ರಿಂದ 20 ಡೆಸಿಬೆಲ್ ಕೆಳಗಿಳಿಯಲಿ, ಪದಗಳಿಲ್ಲದ ವಾದ್ಯವಾದರೆ ಇನ್ನೂ ಒಳ್ಳೆಯದು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಹಾಡಿದರೆ ಇಬ್ಬರದೂ ಕಿವಿಗೆ ಬೀಳುವುದಿಲ್ಲ. ಹಕ್ಕಿನ ಪ್ರಶ್ನೆಯೂ ಇದೆ. ಪುರಂದರದಾಸರ ಪದ ಯಾರೊಬ್ಬರ ಸ್ವತ್ತೂ ಅಲ್ಲ. ಅದನ್ನು ಹೆಸರಾಂತ ಗಾಯಕರು ಹಾಡಿದ ಧ್ವನಿಮುದ್ರಣಕ್ಕೆ ಮಾತ್ರ 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆಯಂತೆ ಪ್ರಕಟವಾದ ಮರುವರ್ಷದಿಂದ 60 ವರ್ಷ ಹಕ್ಕಿರುತ್ತದೆ. ಮದುವೆಯಂಥ ಸಂದರ್ಭದಲ್ಲಿ ಹಾಡು ಹಾಕುವುದಕ್ಕೆ ಕಾಯ್ದೆಯಲ್ಲಿ ವಿನಾಯಿತಿ ಉಂಟು, ಅದೇ ವಿಡಿಯೊವನ್ನು ಯೂಟ್ಯೂಬಿಗೆ ಏರಿಸುವುದಕ್ಕೆ ಇಲ್ಲ. ಅಲ್ಲಿನ ಯಂತ್ರ ಹಾಡನ್ನು ಗುರುತಿಸಿ ದನಿ ಅಡಗಿಸಿಬಿಡಬಹುದು. ಅದೇ ದಾಸರ ಪದವನ್ನು ನಿಮ್ಮ ಅತ್ತಿಗೆಯಿಂದಲೋ ಪಕ್ಕದ ಮನೆಯವರಿಂದಲೋ ಹಾಡಿಸಿ ಬಳಸಿದರೆ ಯಾವ ತಕರಾರೂ ಇಲ್ಲ, ಸ್ಲೈಡ್ ಶೋಗೆ ಮನೆಯ ಇನ್ನೊಂದು ದನಿಯೂ ಸೇರಿದಂತಾಯಿತು.

ಹಂಚುವ ವಿಚಾರದಲ್ಲಿ ಎಚ್ಚರ ಬೇಕು. ಸೆಕೆಂಡಿಗೆ 8 ಮೆಗಾಬಿಟ್ ದರದಲ್ಲಿ ಮಾಡಿದ ಐದು ನಿಮಿಷದ ಫುಲ್ ಎಚ್‌ಡಿ ವಿಡಿಯೊ ಸುಮಾರು 300 ಎಂಬಿ ತೂಗುತ್ತದೆ. ವಾಟ್ಸಾಪಿನಲ್ಲಿ ಮಾಮೂಲಿ ವಿಡಿಯೊದಂತೆ ಕಳಿಸಿದರೆ ಅದು ಹಿಂಡಿ ಸಣ್ಣದು ಮಾಡುತ್ತದೆ. ಡಾಕ್ಯುಮೆಂಟ್ ಎಂದು ಲಗತ್ತಿಸಿದರೆ ಎರಡು ಜಿಬಿವರೆಗಿನ ಫೈಲು ಇದ್ದಂತೆಯೇ ಹೋಗುತ್ತದೆ. ಯೂಟ್ಯೂಬಿಗೆ ಹಾಕುವವರು ‘ಅನ್‌ಲಿಸ್ಟೆಡ್’ ಆಯ್ದುಕೊಂಡರೆ ಕೊಂಡಿ ಸಿಕ್ಕವರು ಮಾತ್ರ ನೋಡುತ್ತಾರೆ. ಮಕ್ಕಳ ಚಿತ್ರ, ಕಾಯಿಲೆಯ ಕಾಲದ ಚಿತ್ರ, ಮನೆಯೊಳಗಿನ ಮಾತು ಇದ್ದರೆ ಸಂಬಂಧಪಟ್ಟವರನ್ನು ಕೇಳದೆ ಗುಂಪಿಗೆ ಬಿಡಬಾರದು.

ಸಾಫ್ಟ್‌ವೇರನ್ನು ನಂಬಿ ಕೂರಲೂಬಾರದು. 2016ರಲ್ಲಿ ಪಿಕಾಸ ಹೋಯಿತು, 2017ರಲ್ಲಿ ಮೂವಿ ಮೇಕರ್ ಹೋಯಿತು, 2020ರ ಜನವರಿ ಕೊನೆಗೆ ಪ್ರೊಶೋ ತಯಾರಿಸುತ್ತಿದ್ದ ಕಂಪನಿಯೇ ಬಾಗಿಲು ಹಾಕಿತು. ಅವುಗಳಲ್ಲಿ ಕಟ್ಟಿಟ್ಟ ಪ್ರಾಜೆಕ್ಟ್ ಫೈಲುಗಳನ್ನು ಇವತ್ತು ತೆರೆಯಲು ಹೊರಟವರ ಪಾಡು ಕಷ್ಟದ್ದು. ಆದ್ದರಿಂದ ಎಂಪಿ4 ವಿಡಿಯೊ, ಮೂಲ ಫೋಟೊಗಳು, ಕತ್ತರಿಸದ ಪೂರ್ತಿ ಮಾತಿನ ಧ್ವನಿ ಫೈಲು, ಫೋಟೊದಲ್ಲಿರುವವರ ಹೆಸರುಗಳನ್ನು ಬರೆದ ಒಂದು ಸಾದಾ ಪಠ್ಯದ ಫೈಲು, ಇಷ್ಟನ್ನು ಒಂದೇ ಫೋಲ್ಡರಿನಲ್ಲಿಟ್ಟು ಎರಡು ಬೇರೆ ಕಡೆ ಉಳಿಸಿ. ಒಂದು ಪ್ರತಿ ತಂಗಿಯ ಮನೆಯಲ್ಲೋ ಅಣ್ಣನ ಮನೆಯಲ್ಲೋ ಇರಲಿ.

ಬರುವ ಹಬ್ಬಕ್ಕೆ ಊರಿಗೆ ಹೋಗುವವರು ಟ್ರಂಕಿನೊಳಗಿನ ಆಲ್ಬಮನ್ನು ಹೊರಗೆ ತೆಗೆಯಿರಿ. ಮನೆಯ ಹಿರಿಯರು ಊಟವಾಗಿ ಸ್ವಲ್ಪ ಮಲಗಿ ಎದ್ದ ಮೇಲೆ, ಫ್ಯಾನ್ ನಿಲ್ಲಿಸಿ, ಫೋನಿನ ರೆಕಾರ್ಡರ್ ಒತ್ತಿ ಮೊದಲ ಪುಟ ತೋರಿಸಿ. ಸ್ಲೈಡ್ ಶೋ ಕಟ್ಟುವ ಕೆಲಸವನ್ನು ಬೆಂಗಳೂರಿಗೆ ಮರಳಿದ ಮೇಲೆ ನಿಧಾನವಾಗಿ ಮಾಡಬಹುದು. ಮಾತು ಹಿಡಿಯುವ ಕೆಲಸವನ್ನು ಮಾತ್ರ ಮುಂದಿನ ವರ್ಷಕ್ಕೆ ಬಿಡಬೇಡಿ.